ವೇಗ ಬರ್ತಾ ಉಂಟು

ಬಿಎಸ್‌ಎನ್‌ಎಲ್‌ನ 5ಜಿ ಬರುತ್ತದಂತೆ ಎಂದು ಮಂಗಳೂರಿನಲ್ಲಿ ಕೆಲವರು ಖುಷಿಯಲ್ಲಿದ್ದಾರೆ. ನನಗೆ ಮಾತ್ರ ಸ್ವಲ್ಪ ಕಸಿವಿಸಿ. ಇಷ್ಟು ವರ್ಷ ಶ್ರದ್ಧೆಯಿಂದ ನಮಗೆ ತಾಳ್ಮೆ ಕಲಿಸಿದ ಸಂಸ್ಥೆ ದಿಢೀರನೆ ಓಡತೊಡಗಿದರೆ ಕಲಿತದ್ದೆಲ್ಲ ಏನಾಗಬೇಕು?

ಒಮ್ಮೆ ಅದೂ ಅವಸರ ಮಾಡಿತ್ತು. ಖಾಸಗಿಯವರು 3ಜಿ ಹರಾಜಿಗೆ ಕೂರುವ ಮೊದಲೇ, 2009ರ ಫೆಬ್ರವರಿಯಲ್ಲಿ, ಚೆನ್ನೈಯಲ್ಲಿ 3ಜಿ ಶುರು ಮಾಡಿಬಿಟ್ಟಿತು. ಆ ತಪ್ಪು ಮತ್ತೆ ನಡೆಯಲಿಲ್ಲ. 2012ರಲ್ಲಿ ಏರ್‌ಟೆಲ್ ಕೋಲ್ಕತ್ತದಲ್ಲಿ 4ಜಿ ತಂದಾಗ ಅದು ವಿಚಲಿತವಾಗಲಿಲ್ಲ. 2016ರಲ್ಲಿ ಜಿಯೋ ಬಂದಾಗಲೂ ಇಲ್ಲ. 2020ರಲ್ಲಿ 4ಜಿಗೆ ಟೆಂಡರ್ ಕರೆಯಿತು, ಚೀನಾದ ಉಪಕರಣ ಬೇಡವೆಂದು ಅದೇ ವರ್ಷ ರದ್ದಾಯಿತು. ನಮ್ಮದನ್ನು ನಾವೇ ಕಟ್ಟೋಣ ಎಂದು ಸಿ-ಡಾಟ್, ತೇಜಸ್, ಟಿಸಿಎಸ್ ಕೂತವು. ಕಟ್ಟಿಯೂ ಬಿಟ್ಟವು, ಅದು ಸಣ್ಣ ಮಾತಲ್ಲ. 2025ರ ಸೆಪ್ಟೆಂಬರ್ 27ರಂದು ಒಡಿಶಾದ ಝಾರ್ಸುಗುಡದಲ್ಲಿ ಪ್ರಧಾನಿ ಈ ಸ್ವದೇಶಿ 4ಜಿಯನ್ನು ಉದ್ಘಾಟಿಸಿದರು. ಸ್ಟಾಕ್‌ಹೋಮಿನವರ ಕೈಗೆ 4ಜಿ ಸಿಕ್ಕಿದ್ದು 2009ರಲ್ಲಿ. ಪಾಪ, ಹದಿನಾರು ವರ್ಷ ಎದುರುನೋಡುವ ಸುಖ ಅವರಿಗೆ ದಕ್ಕಲಿಲ್ಲ.

ದೂರದೃಷ್ಟಿಯನ್ನೂ ಮೆಚ್ಚಬೇಕು. 4ಜಿಯ ಉದ್ಘಾಟನೆಗೆ ವರ್ಷ ಮೊದಲೇ, 2024ರ ಆಗಸ್ಟಿನಲ್ಲಿ, 5ಜಿಗೂ ಆಗುವ ಸಿಮ್ ತಯಾರೆಂದು ಸಾರಿತು. 2025ರ ಜೂನಿನಲ್ಲಿ ‘ಕ್ವಾಂಟಮ್ 5ಜಿ’ ಎಂದು ನಾಮಕರಣವನ್ನೂ ಮುಗಿಸಿತು. ಕೂಸು ಹುಟ್ಟುವ ಮುನ್ನ ಕುಲಾವಿ ಎಂದು ಆಡಿಕೊಂಡವರಿದ್ದಾರೆ. ಕುಲಾವಿ ತಯಾರಿದ್ದರೆ ಚಳಿಗೆ ಕೂಸಿಗೇ ಒಳ್ಳೆಯದಲ್ಲವೇ? ಹೀಗೆ ಆಡಿಕೊಂಡವರೇ 2024ರ ಜುಲೈಯಲ್ಲಿ ಖಾಸಗಿ ಕಂಪೆನಿಗಳು ದರ ಏರಿಸಿದಾಗ ಬಿಎಸ್‌ಎನ್‌ಎಲ್‌ಗೆ ಪೋರ್ಟ್ ಆಗಲು ಹೊರಟರು. ವೇಗ ಹುಡುಕಿಕೊಂಡು ಹೋದದ್ದಂತೂ ಅಲ್ಲ.

ಈ ಸಂಸ್ಥೆಗೆ ಮಂಗಳೂರಿಗಿಂತ ಯೋಗ್ಯ ಗಿರಾಕಿ ಎಲ್ಲಿ ಸಿಗಬೇಕು? ಪಂಪ್‌ವೆಲ್ ಮೇಲ್ಸೇತುವೆಗೆ ಸುಮಾರು ಒಂದು ದಶಕ ಕಾದವರು ನಾವು. 2020ರ ಜನವರಿ 31ರಂದು ಅದು ತೆರೆದಾಗ ಹಲವರಿಗೆ ನಿಜಕ್ಕೂ ಬೇಸರವಾಯಿತು, ಅಷ್ಟು ಒಳ್ಳೆಯ ಜೋಕುಗಳು ಒಂದೇ ದಿನದಲ್ಲಿ ಹಾಳಾದವು.

ನಿಧಾನಕ್ಕೆ ಇನ್ನೊಂದು ಉಪಕಾರ ಉಂಟು. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ರೇಂಜ್ ಸಿಗುವುದು ಅಡುಗೆಮನೆಯ ಕಿಟಕಿಯಲ್ಲಿ ಮಾತ್ರ. ಸಿಮ್ ಯಾವುದಾದರೂ ಇರಲಿ, ಮಾವಿನಮಿಡಿಯ ಭರಣಿಗೆ ಒರಗಿಸಿದ ಫೋನು, ಹೊರಗೆ ಆಟಿಯ ಮಳೆ, ಪರದೆಯ ಮೇಲೆ ದುಬೈಯ ಮಗ. ಎರಡು ಮಾತಾಡುವಷ್ಟರಲ್ಲಿ ಅವನು ಬಾಯಿ ತೆರೆದಂತೆಯೇ ನಿಂತುಬಿಡುತ್ತಾನೆ. ಆಗಲ್ಲವೇ ತಾಯಿಗೆ ಅವನ ಮುಖ ನೋಡಲು ಪುರುಸೊತ್ತು? “ಇಕೊಳ್ಳಿ, ಗಡ್ಡ ಬಿಟ್ಟಿದ್ದಾನೆ. ಸಪೂರ ಆಗಿದ್ದಾನೆ ಮಾರಾಯ್ರೆ!” ಎಂದು ಗಂಡನನ್ನು ಕರೆಯುತ್ತಾಳೆ. ಅವರು ಕನ್ನಡಕ ಹುಡುಕಿ ತಂದು ನೋಡಿ ಮುಗಿಸುವವರೆಗೂ ಮಗ ವಿನಯದಿಂದ ಕಾದಿರುತ್ತಾನೆ. 5ಜಿ ಬಂದ ಮೇಲೆ ಮುಖ ನಿಲ್ಲುವುದಿಲ್ಲ. “ಕೆಲಸ ಉಂಟಮ್ಮ, ಇಡ್ತೇನೆ” ಎಂಬುದೂ ಒಂದಕ್ಷರ ಬಿಡದೆ ಸ್ಪಷ್ಟವಾಗಿ ಕೇಳಿಸುತ್ತದೆ.

ಊರಿಗೆ ಲಾಭವೇ ಇಲ್ಲ ಎನ್ನಲಾರೆ. ನಂತೂರು ವೃತ್ತದಲ್ಲಿ ಸಿಕ್ಕಿಹಾಕಿಕೊಂಡವರು ಅದೇ ನಂತೂರಿನ ಬ್ಲಾಕನ್ನು ಫೋನಿನಲ್ಲಿ ಎಲ್ಲೂ ತಡೆಯದೆ ನೇರಪ್ರಸಾರದಲ್ಲಿ ನೋಡಬಹುದು. ಶಿರಾಡಿಯಲ್ಲಿ ಗುಡ್ಡ ಜರಿದ ಸುದ್ದಿ ರೆಪ್ಪೆ ಬಡಿಯುವುದರೊಳಗೆ ಹಂಪನಕಟ್ಟೆ ಮುಟ್ಟುತ್ತದೆ. ಮಣ್ಣು ತೆಗೆಯುವುದಕ್ಕೆ ಎಂದಿನಷ್ಟೇ ಹೊತ್ತು.

ಟವರಿನಲ್ಲಿ ಈಗಿರುವ ಉಪಕರಣವನ್ನೇ ಸಾಫ್ಟ್‌ವೇರ್ ಮೂಲಕ 5ಜಿಗೆ ಏರಿಸಬಹುದು ಎನ್ನುತ್ತದೆ ಸರ್ಕಾರ. 2019, 2022, 2023ರಲ್ಲಿ ಮೂರು ಪುನಶ್ಚೇತನ ಪ್ಯಾಕೇಜ್ ಕೊಟ್ಟ ಸರ್ಕಾರ ಅದು. 2022ರದ್ದೊಂದೇ 1.64 ಲಕ್ಷ ಕೋಟಿ ರೂಪಾಯಿ. ಅಷ್ಟು ಕೊಟ್ಟವರ ಮಾತನ್ನು ನಂಬದಿರುವುದು ಸರಿಯಲ್ಲ. ಹಳೆಯ ಸಿಮ್ ಇದ್ದವರು ಬೇಕಾದರೆ ಇವತ್ತೇ ಹೋಗಿ ಬದಲಿಸಿಕೊಳ್ಳಿ. 5ಜಿ ಫೋನನ್ನು ಮಾತ್ರ ಇದಕ್ಕೆಂದೇ ಈಗ ಕೊಳ್ಳಬೇಡಿ, ವಾರಂಟಿ ಮುಗಿದುಹೋದೀತು.