ಎಂಟನೇ ಹೆನ್ರಿಯ ಹೆಂಡಿರೂ ನಮ್ಮವರ ಪೌರತ್ವವೂ

ಇಂಗ್ಲೆಂಡಿನಲ್ಲೇ ಹುಟ್ಟಿದವರಿಗೆ ಒಂದು ಸೌಕರ್ಯವಿದೆ. ಹೇಸ್ಟಿಂಗ್ಸ್ ಕದನ ಯಾವ ಇಸವಿಯಲ್ಲಿ ನಡೆಯಿತು, ವೇಲ್ಸ್‌ನವರ ಹೂವು ಯಾವುದು, ಎಂಟನೇ ಹೆನ್ರಿ ತನ್ನ ಎಷ್ಟನೇ ಹೆಂಡತಿಯ ತಲೆ ತೆಗೆಸಿದ, ಇದೊಂದೂ ಗೊತ್ತಿಲ್ಲದೆ ಅವರು ಹಾಯಾಗಿ ಬದುಕಿ, ಪೆನ್ಷನ್ ತಿಂದು, ಸ್ವರ್ಗ ಸೇರಬಹುದು. ಹೊರಗಿನಿಂದ ಬಂದು ಇಲ್ಲೇ ಇರುತ್ತೇವೆ ಎನ್ನುವ ನಮ್ಮಂಥವರಿಗೆ ಆ ರಿಯಾಯಿತಿ ಇಲ್ಲ. ‘ಲೈಫ್ ಇನ್ ದಿ ಯುಕೆ’ ಎಂಬ ಪರೀಕ್ಷೆ ಕಟ್ಟಬೇಕು. 2005ರ ನವೆಂಬರಿನಲ್ಲಿ ಪೌರತ್ವ ಕೇಳುವವರಿಗೆಂದು ಶುರುವಾದದ್ದು 2007ರಿಂದ ಕಾಯಂ ಆಗಿ ನೆಲೆಸಲು ಅನುಮತಿ ಕೇಳುವವರ ಕೊರಳಿಗೂ ಬಿತ್ತು. 24 ಪ್ರಶ್ನೆ, 45 ನಿಮಿಷ, 18 ಸರಿಯಾದರೆ ಪಾಸು. ಫೀಸು 50 ಪೌಂಡು. ಫೇಲಾದರೆ ಏಳು ದಿನ ಕಾದು, ಮತ್ತೆ 50 ಪೌಂಡು ಕಟ್ಟಿ, ಮತ್ತೆ ಬರೆಯಬಹುದು. ಎಷ್ಟು ಸಲ ಫೇಲಾದರೂ ಸರ್ಕಾರ ಬೇಸರ ಮಾಡಿಕೊಳ್ಳುವುದಿಲ್ಲ.

ಈ ಪರೀಕ್ಷೆಯ ಸುದ್ದಿ ಕೇಳಿ ನಮ್ಮವರ ಮುಖ ತವರಿಗೆ ಹೊರಟ ಮದುಮಗಳ ಮುಖದ ಹಾಗೆ ಅರಳಿತು. ತುಮಕೂರಿನಲ್ಲಿ ಪಿಯುಸಿ ಓದಿದವರು. ಅರ್ಥದ ಗೊಡವೆಗೆ ಹೋಗದೆ ಪುಸ್ತಕವನ್ನು ರಟ್ಟಿನಿಂದ ರಟ್ಟಿನವರೆಗೆ ಉರು ಹೊಡೆಯುವ ವಿದ್ಯೆಯಲ್ಲಿ ಪಳಗಿದವರು. ಕಂಪ್ಯೂಟರ್ ಕೆಲಸಕ್ಕೆ ಸೇರಿದ ಮೇಲೆ ಆ ವಿದ್ಯೆ ಸುಮ್ಮನೆ ತುಕ್ಕು ಹಿಡಿಯುತ್ತಿತ್ತು. ಸರ್ಕಾರದ ಕೈಪಿಡಿ ತರಿಸಿದರು, ಮೂರು ಬಣ್ಣದ ಹೈಲೈಟರ್ ತಂದರು, ಮುಂಚೆ ಪರೀಕ್ಷೆ ಬರೆದಿದ್ದ ಕನ್ನಡ ಗೆಳೆಯರಿಗೆಲ್ಲ ಫೋನು ಮಾಡಿ ‘ಇಂಪಾರ್ಟೆಂಟ್ ಕ್ವೆಶ್ಚನ್ಸ್ ಯಾವುದು ಸಾರ್?’ ಎಂದು ವಿಚಾರಿಸಿದರು. ಬೆಳಗಿನ ಜಾವ ಐದಕ್ಕೆ ಎದ್ದು ಹಜಾರದಲ್ಲಿ ಶತಪಥ ಹಾಕುತ್ತ ಓದತೊಡಗಿದರು. ನಾನೂ ಅದೇ ಪರೀಕ್ಷೆ ಬರೆದವಳೇ. ನನ್ನ ಓದು ಆಫೀಸಿಗೆ ಹೋಗುವ ಬಸ್ಸಿನಲ್ಲೇ ಮುಗಿಯಿತು, ಅದರಲ್ಲಿ ಹೇಳುವಂಥದ್ದೇನಿಲ್ಲ.

ಅದೇ ಹೊತ್ತಿಗೆ ನಮ್ಮಮ್ಮ ಆರು ತಿಂಗಳ ವೀಸಾ ಮೇಲೆ ಬಂದಿದ್ದಳು. ಅರವತ್ತೈದು ದಾಟಿದವರಿಗೆ ಪರೀಕ್ಷೆಯಿಂದ ವಿನಾಯಿತಿಯಿದೆ, ನೋಡಿಕೊಂಡು ಹೋಗಲು ಬಂದವರನ್ನಂತೂ ಯಾರೂ ಕೇಳುವುದಿಲ್ಲ. ಹೀಗೆ ಎರಡೂ ಕಡೆಯಿಂದ ಬಚಾವಾಗಿದ್ದ ಅಮ್ಮನೇ ಇಡೀ ಮನೆಯಲ್ಲಿ ಎಲ್ಲರಿಗಿಂತ ಶ್ರದ್ಧೆಯಿಂದ ಪಾಠ ಕೇಳಿಸಿಕೊಂಡವಳು. ಅವಳ ಧಾರಾವಾಹಿಯ ಸಮಯಕ್ಕೆ ಇಲ್ಲಿ ಸರಿಯಾಗಿ ಸಿಗ್ನಲ್ ಬರುತ್ತಿರಲಿಲ್ಲ. ಆ ಕೊರತೆಯನ್ನು ಎಂಟನೇ ಹೆನ್ರಿ ತುಂಬಿಕೊಟ್ಟ.

“ಆರು ಜನಾನಾ?” ಎಂದಳು ಮೆಂತ್ಯ ಸೊಪ್ಪು ಬಿಡಿಸುತ್ತ.

“ಒಟ್ಟಿಗಲ್ಲ ಅತ್ತೆ, ಒಬ್ಬರಾದ ಮೇಲೆ ಒಬ್ಬರು” ಎಂದರು ನಮ್ಮವರು, ಹೆನ್ರಿಯ ಕಡೆಯ ವಕೀಲರಂತೆ. ಅರಾಗಾನಿನ ಕ್ಯಾಥರೀನ್, ವಿಚ್ಛೇದನ. ಆ್ಯನ್ ಬೋಲಿನ್, ಶಿರಚ್ಛೇದ. ಜೇನ್ ಸೀಮೋರ್, ಸಾವು. ಕ್ಲೀವ್ಸ್‌ನ ಆ್ಯನ್, ವಿಚ್ಛೇದನ. ಕ್ಯಾಥರೀನ್ ಹೋವರ್ಡ್, ಶಿರಚ್ಛೇದ. ಕ್ಯಾಥರೀನ್ ಪಾರ್, ಅವನೇ ಹೋದ. ನಮ್ಮವರಿಗೆ ಇದು ಒಂದು ಅಂಕದ ಪ್ರಶ್ನೆ. ಅಮ್ಮನಿಗೆ ಆರು ಸಂಸಾರ.

“ಆ ಜೇನ್ ಅನ್ನೋಳಿಗೆ ಏನಾಗಿತ್ತು?”

“ಗಂಡುಮಗು ಹೆತ್ತಳು ಅತ್ತೆ. 1537. ಹನ್ನೆರಡು ದಿನಕ್ಕೆ ತೀರಿಕೊಂಡಳು.”

ಅಮ್ಮನ ಕೈ ನಿಂತಿತು. “ಬಾಣಂತನ ನೋಡ್ಕೊಂಡಿಲ್ಲ ಕಣೇ ಸರಿಯಾಗಿ” ಎಂದು ನನ್ನ ಕಡೆ ತಿರುಗಿದಳು. “ಇಂಥ ಚಳಿ ದೇಶದಲ್ಲಿ ಹಸಿ ಬಾಣಂತೀನ ಹೆಂಗೆ ಇಟ್ಟಿದ್ರೋ ಏನೋ. ಅಷ್ಟು ದೊಡ್ಡ ಅರಮನೇಲಿ ಒಬ್ಬಳು ಹೇಳೋ ಕೇಳೋ ಹೆಂಗಸು ಇರಲಿಲ್ವಾ? ತಾಯಿ ಕಡೆಯೋರು ಯಾರೂ ಬರಲಿಲ್ವಾ?” ಕೈಪಿಡಿಯಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಆ ಮಗು ಎಡ್ವರ್ಡ್ ಹದಿನೈದು ವರ್ಷಕ್ಕೇ ತೀರಿಕೊಂಡಿತು ಎಂದು ಮಾರನೆಯ ದಿನ ತಿಳಿದಾಗ “ನಾನು ಹೇಳಲಿಲ್ವಾ?” ಎಂದಳು. ಟ್ಯೂಡರ್ ವಂಶದ ಚರಿತ್ರೆಯನ್ನು ಬಾಣಂತನದ ಲೋಪದಿಂದ ವಿವರಿಸಿದ ಮೊದಲ ವಿದ್ವಾಂಸೆ ನಮ್ಮಮ್ಮನೇ ಇರಬೇಕು.

ನಾಲ್ಕನೆಯವಳ ಮೇಲೆ ಮಾತ್ರ ಅಮ್ಮನಿಗೆ ಬಹಳ ಗೌರವ. ಕ್ಲೀವ್ಸ್‌ನ ಆ್ಯನ್ ಜರ್ಮನಿಯ ಕಡೆಯಿಂದ ಬಂದವಳು, ರಾಜಕೀಯದ ಮದುವೆ, ಆರೇ ತಿಂಗಳಲ್ಲಿ ಮುರಿದುಬಿತ್ತು. ಕೈಪಿಡಿ ಅಷ್ಟಕ್ಕೇ ಮುಂದೆ ಹೋಗುತ್ತದೆ. ಅಮ್ಮ ಬಿಡಬೇಕಲ್ಲ, ಆಮೇಲೆ ಏನಾದಳು ನೋಡು ಎಂದು ನನ್ನ ಬೆನ್ನುಬಿದ್ದಳು. ನೋಡಿದರೆ ಆ ಮಹಾತಾಯಿ ಒಂದು ಮಾತೂ ಎದುರಾಡದೆ ವಿಚ್ಛೇದನಕ್ಕೆ ಒಪ್ಪಿ, ರಿಚ್‌ಮಂಡ್ ಅರಮನೆಯನ್ನೂ ಹೀವರ್ ಕೋಟೆಯನ್ನೂ ಪಡೆದು, ರಾಜನ ತಂಗಿ ಎಂಬ ಪದವಿಯಲ್ಲಿ ಮರ್ಯಾದೆಯಾಗಿ ಬದುಕಿ, ಅವನಿಗಿಂತ ಹತ್ತು ವರ್ಷ ಹೆಚ್ಚು ಬಾಳಿದವಳು. “ಹೆಣ್ಣು ಅಂದ್ರೆ ಅವಳು” ಎಂದಳು ಅಮ್ಮ. “ತಲೇನೂ ಉಳಿಸ್ಕೊಂಡ್ಳು, ಮನೇನೂ ಬರೆಸ್ಕೊಂಡ್ಳು.” ಆ ಹೀವರ್ ಕೋಟೆ ಹಿಂದೆ ಎರಡನೆಯವಳ, ಎಂದರೆ ತಲೆ ಹೋದವಳ ತವರುಮನೆಯಾಗಿತ್ತು ಎಂಬುದನ್ನು ನಾನು ಅಮ್ಮನಿಗೆ ಹೇಳಲಿಲ್ಲ. ಹೇಳಿದ್ದರೆ ಅಂದು ಅಡುಗೆ ಆಗುತ್ತಿರಲಿಲ್ಲ.

ಅದೇ ತಲೆ ಹೋದವಳ ಮಗಳು ಎಲಿಜಬೆತ್ ಕೊನೆಗೆ ಸಿಂಹಾಸನ ಏರಿ 44 ವರ್ಷ ಆಳಿದಳು, 1588ರಲ್ಲಿ ಸ್ಪೇನಿನ ನೌಕಾಪಡೆಯನ್ನು ಓಡಿಸಿದಳು ಎಂದಾಗ ಅಮ್ಮ ಎದ್ದು ಹೋಗಿ ಎಲ್ಲರಿಗೂ ಕಾಫಿ ಮಾಡಿಕೊಂಡು ಬಂದಳು.

ಕೈಪಿಡಿಯಲ್ಲಿ ನಮ್ಮ ಕಡೆಯವನೊಬ್ಬ ಇದ್ದಾನೆ. ಸೇಕ್ ದೀನ್ ಮಹಮ್ಮದ್, 1759ರಲ್ಲಿ ಹುಟ್ಟಿ ಬಂಗಾಳದ ಸೈನ್ಯದಲ್ಲಿದ್ದು ಆಮೇಲೆ ಇತ್ತ ಬಂದವನು. ಐರ್ಲೆಂಡಿನಲ್ಲಿ ಜೇನ್ ಡೇಲಿ ಎಂಬ ಹುಡುಗಿಯನ್ನು ಓಡಿಸಿಕೊಂಡು ಹೋಗಿ ಮದುವೆಯಾದ. 1810ರಲ್ಲಿ ಲಂಡನ್ನಿನ ಜಾರ್ಜ್ ಸ್ಟ್ರೀಟಿನಲ್ಲಿ ‘ಹಿಂದೂಸ್ತಾನಿ ಕಾಫಿ ಹೌಸ್’ ತೆರೆದ, ಈ ದೇಶದ ಮೊದಲ ಕರ‍್ರಿ ಹೋಟೆಲು ಅದೇ. ಎರಡು ವರ್ಷದಲ್ಲಿ ಅವನು ದಿವಾಳಿ ಎದ್ದ ಎಂಬುದು ನಾನು ಬೇರೆ ಕಡೆ ಓದಿದ್ದು. ಸಾಧಕರ ಪಟ್ಟಿಗೆ ಸೇರಿಸುವಾಗ ಯಾರೂ ಸಾಲದ ಲೆಕ್ಕ ತೆಗೆಯುವುದಿಲ್ಲ. ಆಮೇಲೆ ಬ್ರೈಟನ್ನಿನಲ್ಲಿ ಸ್ನಾನಗೃಹ ಇಟ್ಟು, ಇಂಗ್ಲಿಷರ ತಲೆ ಮೈ ತಿಕ್ಕಿ, ಇಬ್ಬರು ದೊರೆಗಳ ಸೇವೆಯನ್ನೂ ಮಾಡಿ ಹೆಸರು ಗಳಿಸಿದ. “ಇವರಿಗೆ ತಲೆ ತಿಕ್ಕಿಸಿಕೊಳ್ಳೋದು ಹೇಳಿಕೊಟ್ಟಿದ್ದೂ ನಮ್ಮೋರೇನಾ!” ಎಂದು ಆಶ್ಚರ್ಯಪಟ್ಟ ಅಮ್ಮ, ಆ ಶನಿವಾರ ಅಳಿಯಂದಿರಿಗೆ ಹರಳೆಣ್ಣೆ ಒತ್ತಲು ಸಿದ್ಧಳಾದಳು. ಓದುವವರ ತಲೆ ತಂಪಾಗಿರಬೇಕಂತೆ. ದಿಂಬಿನ ಮೇಲಿನ ಕಲೆ ಇವತ್ತಿಗೂ ಹೋಗಿಲ್ಲ.

ಇಷ್ಟೆಲ್ಲ ತಲೆಗೆ ತುಂಬಿಕೊಂಡ ಮೇಲೆ ಯಾರ ಹತ್ತಿರವಾದರೂ ಪ್ರದರ್ಶಿಸಬೇಡವೇ? ಪಕ್ಕದ ಮನೆಯ ನಿವೃತ್ತ ಇಂಗ್ಲಿಷ್ ಯಜಮಾನರು ಬೇಲಿಯಾಚೆ ಗುಲಾಬಿ ಕತ್ತರಿಸುತ್ತಿದ್ದರು. ನಮ್ಮವರು ಮೆಲ್ಲಗೆ ಹೋಗಿ, ಗುಲಾಬಿಯ ನೆಪದಲ್ಲಿ ಗುಲಾಬಿಗಳ ಯುದ್ಧಕ್ಕೆ ಬಂದು, ಅದು ಮುಗಿದದ್ದು 1485ರಲ್ಲಿ ಅಲ್ಲವೇ ಎಂದರು. ಅವರು ಆಕಾಶ ನೋಡಿ, ಮಧ್ಯಾಹ್ನ ಮಳೆ ಬರಬಹುದು ಎಂದರು. ಬಾಸ್‌ವರ್ತ್ ಎಂದರು ಇವರು. ಆ ಊರಿನ ಹತ್ತಿರ ಒಳ್ಳೆಯ ಪಬ್ ಇದೆ ಎಂದರು ಅವರು. ಅವರ ತಪ್ಪೇನೂ ಇಲ್ಲ. ಪ್ರಧಾನಿ ಡೇವಿಡ್ ಕ್ಯಾಮರೂನರೇ 2012ರಲ್ಲಿ ಅಮೆರಿಕದ ಲೆಟರ್‌ಮನ್ ಶೋನಲ್ಲಿ ಕೂತು, ‘ರೂಲ್ ಬ್ರಿಟಾನಿಯಾ’ಕ್ಕೆ ಸಂಗೀತ ಕೂರಿಸಿದವರು ಯಾರೆಂದು ಕೇಳಿದಾಗ ಎಲ್ಗರ್ ಇರಬಹುದು ಎಂದು ಊಹೆ ಹೊಡೆದರು. ಸರಿಯುತ್ತರ ಥಾಮಸ್ ಆರ್ನ್. ಈಟನ್ನಿನಲ್ಲಿ, ಆಕ್ಸ್‌ಫರ್ಡಿನಲ್ಲಿ ಓದಿದವರು. ಅವರಿಗೆ ತುಮಕೂರಿನ ಪಿಯುಸಿ ಸಿಕ್ಕಿರಲಿಲ್ಲ, ಅಷ್ಟೇ.

ಕೈಪಿಡಿಯ ಮೇಲೆ ನನಗೂ ಒಂದು ತಕರಾರಿದೆ. ಲಂಡನ್ ಐ ಎಂಬ ದೊಡ್ಡ ತೊಟ್ಟಿಲಿನ ಎತ್ತರ 443 ಅಡಿ ಎಂದು ಬಾಯಿಪಾಠ ಮಾಡಿಸುತ್ತಾರೆ. ನಮ್ಮಲ್ಲಿ ಯಾರೂ ಅದನ್ನು ಅಳತೆ ನೋಡಿ ಹತ್ತುವವರಿಲ್ಲ. ಡರ್ಹಮ್ ವಿಶ್ವವಿದ್ಯಾಲಯದ ಪ್ರೊಫೆಸರ್ ಥಾಮ್ ಬ್ರೂಕ್ಸ್, ಸ್ವತಃ ಅಮೆರಿಕದಿಂದ ಬಂದು ಇದೇ ಪರೀಕ್ಷೆ ಬರೆದು ಪ್ರಜೆಯಾದವರು, 2013ರಲ್ಲಿ ಇದನ್ನೇ ಎತ್ತಿ ಆಡಿದರು. ಆಪತ್ತಿಗೆ 999ಕ್ಕೆ ಫೋನು ಮಾಡಬೇಕು, ಊರಿನ ಡಾಕ್ಟರ ಹತ್ತಿರ ಹೆಸರು ನೋಂದಾಯಿಸಬೇಕು ಎಂಬಂಥ ದಿನನಿತ್ಯದ ಸಂಗತಿಗಳನ್ನು ಬಿಟ್ಟು ಇದೆಂಥ ಜೀವನಜ್ಞಾನ ಎಂಬುದು ಅವರ ಪ್ರಶ್ನೆ. 2022ರಲ್ಲಿ ಹೌಸ್ ಆಫ್ ಲಾರ್ಡ್ಸ್‌ನ ಸಮಿತಿಯೊಂದೂ ಸುಮಾರಾಗಿ ಹಾಗೇ ಗೊಣಗಿತು. ಕಸದ ಡಬ್ಬಿಯನ್ನು ಒಯ್ಯುವ ದಿನ ಮಾತ್ರ ರಸ್ತೆಗಿಡಿ ಎಂದು ಕೈಪಿಡಿ ಬುದ್ಧಿ ಹೇಳುತ್ತದೆ, ಸರಿ. ಯಾವ ವಾರ ಯಾವ ಬಣ್ಣದ ಡಬ್ಬಿ ಎಂಬ ಬ್ರಹ್ಮವಿದ್ಯೆಯನ್ನು ಯಾರು ಹೇಳಿಕೊಡಬೇಕು? ನಮ್ಮ ಬೀದಿಯಲ್ಲಿ ರಾತ್ರಿ ಹತ್ತಕ್ಕೆ ಎಲ್ಲರೂ ಪರದೆ ಸರಿಸಿ, ಮೊದಲು ಯಾರು ಯಾವುದನ್ನು ಇಡುತ್ತಾರೆ ಎಂದು ಕಾಯುತ್ತಾರೆ. ಇಲ್ಲೇ ಹುಟ್ಟಿದವರೂ ಕಾಯುತ್ತಾರೆ. ಈ ದೇಶದ ಸಮಾನತೆ ನನಗೆ ಮನದಟ್ಟಾದದ್ದು ಅಲ್ಲಿಯೇ.

ಗಲಾಟೆಯಾದದ್ದು ಡ್ಯೂಕ್ ಆಫ್ ವೆಲಿಂಗ್ಟನ್ ಬಂದಾಗ. ‘ವಾಟರ್ಲೂ, 1815, ನೆಪೋಲಿಯನ್ನನನ್ನು ಸೋಲಿಸಿದ ಉಕ್ಕಿನ ಡ್ಯೂಕ್, ಮುಂದೆ ಪ್ರಧಾನಿ’ ಎಂದು ನಮ್ಮವರು ಶತಪಥದ ಮಧ್ಯೆ ಘೋಷಿಸಿದರು.

“ಅವನ ಮೊದಲಿನ ಹೆಸರೇನು?” ಎಂದಳು ಅಮ್ಮ.

“ಆರ್ಥರ್ ವೆಲ್ಲೆಸ್ಲಿ.”

“ಹಂಗೆ ಹೇಳಿ ಮತ್ತೆ. ಅವನು ನಮ್ಮೂರಲ್ಲಿ ದಾರಿ ತಪ್ಪಿದೋನು.”

ಅಮ್ಮ ಶ್ರೀರಂಗಪಟ್ಟಣದ ಸೀಮೆಯವಳು, ಮೇಷ್ಟರ ಮಗಳು. ಅವಳು ಹೇಳಿದ್ದು ಅಕ್ಷರಶಃ ನಿಜ. 1799ರ ಏಪ್ರಿಲ್ 5ರ ರಾತ್ರಿ ಕರ್ನಲ್ ವೆಲ್ಲೆಸ್ಲಿ ಕೋಟೆಯ ಹತ್ತಿರದ ಸುಲ್ತಾನ್‌ಪೇಟೆಯ ತೋಪಿಗೆ ನುಗ್ಗಿ, ಕತ್ತಲಲ್ಲಿ ನಾಲೆಗಳ ನಡುವೆ ದಿಕ್ಕು ತಪ್ಪಿ, ಟಿಪ್ಪುವಿನ ಕಡೆಯವರ ಗುಂಡಿಗೆ ಮಂಡಿಯೊಡ್ಡಿ, ಕೆಲವು ಸೈನಿಕರನ್ನು ಸೆರೆಗೆ ಬಿಟ್ಟುಕೊಟ್ಟು ವಾಪಸಾದ. ಮಾರನೆಯ ದಿನ ಬೆಳಕಿನಲ್ಲಿ, ಹೆಚ್ಚು ಜನರೊಡನೆ ಹೋಗಿ ತೋಪನ್ನು ಹಿಡಿದ. ಮೇ 4ಕ್ಕೆ ಕೋಟೆ ಬಿತ್ತು, ಟಿಪ್ಪು ಮಡಿದ, ಊರಿನ ಉಸ್ತುವಾರಿ ಇದೇ ವೆಲ್ಲೆಸ್ಲಿಯ ಪಾಲಾಯಿತು. “ಗದ್ದೆ ಬದು ಮೇಲೆ ರಾತ್ರಿ ಹೊತ್ತು ಬೂಟು ಹಾಕ್ಕೊಂಡು ಓಡಿದ್ರೆ ಇನ್ನೇನಾಗುತ್ತೆ?” ಎಂದು ಅಮ್ಮ ಆ ಅಧ್ಯಾಯವನ್ನು ಮುಗಿಸಿದಳು. ಪರೀಕ್ಷೆಗೆ ಬರುವುದು ವಾಟರ್ಲೂ ಮಾತ್ರ, ನಾಲೆ ಬರುವುದಿಲ್ಲ ಎಂದು ನಮ್ಮವರು ಹಸಿರು ಹೈಲೈಟರಿನಲ್ಲಿ ಗೆರೆ ಎಳೆದರು.

ಆ ವಾರಾಂತ್ಯ ಅಮ್ಮನನ್ನು ಲಂಡನ್ನಿಗೆ ಕರೆದುಕೊಂಡು ಹೋದೆವು. ಲ್ಯಾಂಬೆತ್‌ನಲ್ಲಿ ಥೇಮ್ಸ್ ದಂಡೆಯ ಮೇಲೆ 2015ರಿಂದ ಇರುವ ಬಸವಣ್ಣನವರ ಪ್ರತಿಮೆಗೆ ಕೈಮುಗಿದು, ನದಿಯಾಚೆಯ ಪಾರ್ಲಿಮೆಂಟನ್ನು ನೋಡಿ, ಮಧ್ಯಾಹ್ನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿಗೆ ಬಂದೆವು. ಅಲ್ಲಿದೆ ಟಿಪ್ಪುವಿನ ಮರದ ಹುಲಿ. ಬಿದ್ದ ಬಿಳಿಯ ಸಿಪಾಯಿಯ ಕತ್ತಿಗೆ ಬಾಯಿ ಹಾಕಿಕೊಂಡು ನಿಂತಿದೆ, ಹಿಡಿ ತಿರುಗಿಸಿದರೆ ಅವನ ಕೈ ಎದ್ದು ಇಳಿದು ನರಳುವ ಸದ್ದು ಬರುವ ಯಂತ್ರ ಒಳಗಿದೆ. 1808ರಿಂದ ಲಂಡನ್ನಿನಲ್ಲಿ ಪ್ರದರ್ಶನಕ್ಕಿದ್ದು, 1880ರಲ್ಲಿ ಈ ಮ್ಯೂಸಿಯಮ್ಮಿಗೆ ಸೇರಿತು. ಅಮ್ಮ ಗಾಜಿನ ಸುತ್ತ ಒಂದು ಪ್ರದಕ್ಷಿಣೆ ಬಂದು, ನಮ್ಮವರನ್ನು ಕೇಳಿದಳು: “ಇದು ಬಂದು ಇನ್ನೂರು ವರ್ಷದ ಮೇಲಾಯ್ತಲ್ಲ, ಇದಕ್ಕೆ ಪರೀಕ್ಷೆ ಇಟ್ಟಿದ್ರಾ?” ಇಂಗ್ಲಿಷರನ್ನು ತಿನ್ನುತ್ತ ಬಂದವರಿಗೆ ಕಾಯಂ ವಾಸ, ಅವರಿಗೆ ಸಾಫ್ಟ್‌ವೇರ್ ಬರೆದುಕೊಡುವವರಿಗೆ 24 ಪ್ರಶ್ನೆ!

ಪರೀಕ್ಷೆಯ ದಿನ ಅಮ್ಮ ಮೊಸರು ಸಕ್ಕರೆ ಕೊಟ್ಟು ಕಳಿಸಿದಳು. ಸೆಂಟರಿನಲ್ಲಿ ಫೋನು, ವಾಚು, ಪರ್ಸು ಎಲ್ಲ ಲಾಕರಿಗೆ. ನಮ್ಮವರ ಉತ್ತರಗಳು ಬಹಳ ಬೇಗ ಮುಗಿದವಂತೆ. ಗಂಟೆ ಹೊಡೆಯುವ ಮುಂಚೆ ಎದ್ದುಬರುವುದು ಮಹಾಪಾಪ ಎಂದು ಪಿಯುಸಿಯಲ್ಲಿ ಕಲಿತಿದ್ದರಿಂದ, ಉಳಿದ ಹೊತ್ತೆಲ್ಲ ಅದೇ ಉತ್ತರಗಳನ್ನು ಮತ್ತೆ ಮತ್ತೆ ನೋಡುತ್ತ ಕೂತಿದ್ದರು. ಪಾಸಾದರು. ಪಾಸಾದವರಿಗೆ ಒಂದು ಉದ್ದನೆಯ ಗುರುತಿನ ಸಂಖ್ಯೆ ಕೊಡುತ್ತಾರೆ, ಅಂಕಪಟ್ಟಿ ಕೊಡುವುದಿಲ್ಲ. ನಮ್ಮವರು ಮನೆಗೆ ಬಂದಾಗ ಮುಖ ನೋಡಿ ಫೇಲಾಗಿರಬೇಕು ಅಂದುಕೊಂಡೆ. ಇಷ್ಟು ಓದಿ ಎಷ್ಟು ಬಂತು ಎಂದು ತಿಳಿಯದ ಪರೀಕ್ಷೆಯನ್ನು ಅವರು ಜೀವಮಾನದಲ್ಲಿ ಬರೆದಿರಲಿಲ್ಲ. ಅಷ್ಟರಲ್ಲಿ ಅಮ್ಮ ಮಂಡ್ಯಕ್ಕೆ ಫೋನು ಹಚ್ಚಿ, ಅಳಿಯಂದಿರಿಗೆ 24ಕ್ಕೆ 24 ಎಂದು ಸಾರಿ ಆಗಿತ್ತು.

ಪೌರತ್ವ ಕೈಗೆ ಬರುವ ಹೊತ್ತಿಗೆ ಅಮ್ಮ ಊರಿಗೆ ಮರಳಿದ್ದಳು. ಭಾರತದ ಕಾನೂನಿನಲ್ಲಿ ಎರಡು ಪೌರತ್ವಕ್ಕೆ ಜಾಗವಿಲ್ಲ. ಇಲ್ಲಿಯದನ್ನು ಪಡೆದ ಮೇಲೆ ನಮ್ಮ ಪಾಸ್‌ಪೋರ್ಟನ್ನು ಒಪ್ಪಿಸಿ, ತವರಿಗೆ ಹೋಗಿಬರಲು ಒಸಿಐ ಕಾರ್ಡಿಗೆ ಅರ್ಜಿ ಹಾಕಬೇಕು. ಕೌನ್ಸಿಲ್ ಸಭಾಂಗಣದ ಸಮಾರಂಭದಲ್ಲಿ ನಮ್ಮವರು ಸೂಟು ತೊಟ್ಟು, ಚಾರ್ಲ್ಸ್ ದೊರೆಗೂ ಅವರ ವಾರಸುದಾರರಿಗೂ ಉತ್ತರಾಧಿಕಾರಿಗಳಿಗೂ ನಿಷ್ಠನಾಗಿರುತ್ತೇನೆ ಎಂದು ಪ್ರಮಾಣ ಮಾಡಿದರು. ಮನೆಗೆ ಬಂದು ವಿಡಿಯೋ ಕಾಲ್ ಮಾಡಿದಾಗ ಅಮ್ಮ ಸರ್ಟಿಫಿಕೇಟನ್ನು ಕ್ಯಾಮೆರಾಕ್ಕೆ ಹಿಡಿಸಿ ನೋಡಿ, ಏನೇನು ಹೇಳಿಸಿದರು ಎಂದು ಸಾದ್ಯಂತ ಕೇಳಿಕೊಂಡಳು.

“ಮಕ್ಕಳು ಮರಿಗೆಲ್ಲ ಸೇರಿಸಿ ಮಾತು ಕೊಟ್ಟಿದೀರಿ. ಆ ಕಿರಿ ಮಗ, ಹೆಂಡತಿ ಕಟ್ಕೊಂಡು ಅಮೆರಿಕಕ್ಕೆ ಹೋಗಿ ಕೂತನಲ್ಲ, ನಾಳೆ ಆಸ್ತಿ ಪಾಲು ಅಂತ ಬಂದ್ರೆ ನೀವು ಯಾರ ಕಡೆ?”

ನಮ್ಮವರು ಗಂಟಲು ಸರಿಮಾಡಿಕೊಂಡರು. “ನಾಲ್ಕು ಆಪ್ಷನ್ ಕೊಡಿ ಅತ್ತೆ, ಹೇಳ್ತೀನಿ.”