ಸೋವಿ ಊರಿನ ತುಟ್ಟಿ ಲೆಕ್ಕ

ನಮ್ಮ ಹುಬ್ಬಳ್ಳಿ ಸ್ಟೇಷನ್ನಿನ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದಾಗ ಜಗತ್ತಿನಲ್ಲೇ ಅತಿ ಉದ್ದದ್ದು ಅಂತ ಊರಿಗೆ ಊರೇ ಮೀಸೆ ತಿರುವಿತು. ಇಷ್ಟುದ್ದ ಯಾತಕ್ಕೆ ಅಂತ ಅನುಮಾನ ಇದ್ದವರು ರವಿವಾರ ರಾತ್ರಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸಿನ ಹೊತ್ತಿಗೆ ಹೋಗಿ ನೋಡಬೇಕು. ಬೆನ್ನಿಗೆ ಲ್ಯಾಪ್‌ಟಾಪ್ ಬ್ಯಾಗು, ಕೈಯಲ್ಲಿ ಅವ್ವ ಕಟ್ಟಿಕೊಟ್ಟ ಕಟಕ ರೊಟ್ಟಿ, ಶೇಂಗಾ ಚಟ್ನಿಯ ಚೀಲ. ಬೆಂಗಳೂರಿಗೆ ಹೊರಟ ನಮ್ಮ ಎಂಜಿನಿಯರುಗಳು ನಿಂತುಕೊಳ್ಳಲು ಅಷ್ಟು ಜಾಗ ಬೇಕೇ ಬೇಕು. ಸೀಟು ಸಿಗದವರು ಸ್ಲೀಪರ್ ಬಸ್ಸಿನವನಿಗೆ ಅವನು ಕೇಳಿದಷ್ಟು ಕೊಟ್ಟು ಹೋಗುತ್ತಾರೆ.

ಈ ಹುಡುಗರನ್ನು ಊರಲ್ಲೇ ನಿಲ್ಲಿಸಿಕೊಳ್ಳಬೇಕು ಅಂತ ಸರ್ಕಾರಕ್ಕೂ ಮನಸ್ಸು ಬಂದಿದೆ. ‘ಬಿಯಾಂಡ್ ಬೆಂಗಳೂರು’ ಅಂತ ಹೆಸರಿಟ್ಟು ಮೈಸೂರು, ಮಂಗಳೂರು, ಹುಬ್ಬಳ್ಳಿ–ಧಾರವಾಡ–ಬೆಳಗಾವಿ ಕಡೆಗೆ ಕಂಪನಿಗಳನ್ನು ಕರೆಯುತ್ತಿದ್ದಾರೆ. ಕರೆಯುವ ಭಾಷಣಗಳು ಹೆಚ್ಚುಕಡಿಮೆ ಒಂದೇ. ಐಐಟಿ ಇದೆ, ಐಐಐಟಿ ಇದೆ, ವಿಮಾನ ಇದೆ, ವಂದೇ ಭಾರತ್ ಇದೆ, ಎಲ್ಲಕ್ಕಿಂತ ಹೆಚ್ಚಾಗಿ ಇಲ್ಲಿ ಜೀವನ ಭಾಳ ಸೋವಿ! ಈ ಕೊನೆಯ ಮಾತಿಗೆ ವೇದಿಕೆಯ ಮೇಲೆ ಕುಳಿತವರೆಲ್ಲ ತಲೆಯಾಡಿಸುತ್ತಾರೆ. ಅವರಲ್ಲಿ ಒಬ್ಬರೂ ಇಲ್ಲಿ ಬಾಡಿಗೆ ಕಟ್ಟಿದವರ ಹಾಗೆ ಕಾಣುವುದಿಲ್ಲ.

ನಮ್ಮಕ್ಕನ ಮಗ ಗದಗ ಕಡೆಯವನು, ಓದಿದ್ದು ಬಿವಿಬಿ ಕಾಲೇಜಿನಲ್ಲಿ. ಅದೀಗ ಕೆಎಲ್‌ಇ ಟೆಕ್ ವಿಶ್ವವಿದ್ಯಾಲಯ ಆಗಿದ್ದರೂ ನಮ್ಮ ಬಾಯಲ್ಲಿ ಬಿವಿಬಿಯೇ. ಸುಧಾ ಮೂರ್ತಿಯವರು ಇಲ್ಲೇ ಓದಿದ್ದು ಅಂತ ಹೇಳದೆ ಹುಬ್ಬಳ್ಳಿಯ ಯಾವ ಹಿರಿಯರೂ ಆ ಗೇಟು ದಾಟುವುದಿಲ್ಲ. ನಾನೂ ಹೇಳಿಯೇ ದಾಟುತ್ತೇನೆ. ಹುಡುಗನಿಗೆ ಊರಲ್ಲೇ ಒಂದು ಕಂಪನಿಯಲ್ಲಿ ನೌಕರಿ ಸಿಕ್ಕಿತು. ಸಂದರ್ಶನ ಮಾಡಿದ ಬೆಂಗಳೂರಿನ ಎಚ್‌ಆರ್ ಮೇಡಂ ಬಹಳ ಪ್ರೀತಿಯಿಂದ ಹೇಳಿದರಂತೆ: “ಬೆಂಗಳೂರಲ್ಲಾಗಿದ್ರೆ ಐದು ಲಕ್ಷ ಕೊಡ್ತಿದ್ವಿ. ನೀವು ಹುಬ್ಬಳ್ಳೀಲಿ ಇರ್ತೀರಲ್ವಾ, ಅಲ್ಲಿ ಕಾಸ್ಟ್ ಆಫ್ ಲಿವಿಂಗ್ ಕಮ್ಮಿ. ಮೂರೂವರೆ ಫಿಕ್ಸ್ ಮಾಡೋಣ.”

ಹುಡುಗ ಮನೆಗೆ ಬಂದು ಕೇಳಿದ: “ಮಾಮಾ, ಇವರು ನನ್ನ ಕೆಲಸಕ್ಕ ಪಗಾರ ಕೊಡಾತಾರೋ, ನಾ ಉಣ್ಣೋ ರೊಟ್ಟಿಗೆ ಕೊಡಾತಾರೋ?”

ಮೂರೂವರೆ ಲಕ್ಷ ಅಂದರೆ ತಿಂಗಳಿಗೆ ಇಪ್ಪತ್ತೊಂಬತ್ತು ಸಾವಿರ ಅಂತ ನಮ್ಮಕ್ಕ ಬೆರಳು ಮಡಚಿದಳು. ಪಾಪ, ಅವಳಿಗೆ ಪ್ಯಾಕೇಜಿನ ಗುಟ್ಟು ಗೊತ್ತಿಲ್ಲ. ಪಿಎಫ್‌ಗೆ ಇವನು ಕಟ್ಟುವುದೂ ಅದರೊಳಗೆ, ಕಂಪನಿ ಕಟ್ಟುವುದೂ ಅದರೊಳಗೆ. ಐದು ವರ್ಷ ನಿಂತರೆ ಸಿಗುವ ಗ್ರಾಚ್ಯುಟಿ, ಜಡ್ಡು ಬಿದ್ದರೆ ಸಿಗುವ ವಿಮೆ, ಮ್ಯಾನೇಜರರ ಮನಸ್ಸು ನೆಟ್ಟಗಿದ್ದರೆ ಸಿಗುವ ‘ವೇರಿಯೆಬಲ್’, ಎಲ್ಲವೂ ಅದರೊಳಗೇ. ಕೈಗೆ ಬಂದದ್ದು ಇಪ್ಪತ್ಮೂರು ಸಾವಿರ. ದೊಡ್ಡ ಐಟಿ ಕಂಪನಿಗಳಲ್ಲೂ ಹೊಸಬರ ಪ್ಯಾಕೇಜು ಹತ್ತು ಹದಿನೈದು ವರ್ಷಗಳಿಂದ ಮೂರು–ನಾಲ್ಕು ಲಕ್ಷದ ನಡುವೆಯೇ ಹೊರಳಾಡುತ್ತಿದೆ. ಅಷ್ಟು ವರ್ಷದಲ್ಲಿ ಗಿರ್ಮಿಟ್ಟಿನ ಪ್ಲೇಟು ಎಲ್ಲಿಂದ ಎಲ್ಲಿಗೆ ಬಂತು ಅಂತ ದುರ್ಗದಬೈಲಿನಲ್ಲಿ ಕೇಳಿ ನೋಡಿ. ಗಿರ್ಮಿಟ್ ಮಾರುವವನು ತನ್ನ ಅಪ್ರೈಸಲ್ ತಾನೇ ಮಾಡಿಕೊಳ್ಳುತ್ತಾನೆ, ಯಾವ ಮ್ಯಾನೇಜರಿಗೂ ಮೇಲ್ ಹಾಕುವುದಿಲ್ಲ.

ಇರಲಿ, ಊರು ಸೋವಿ ಐತಲ್ಲ ಅಂತ ಮನೆ ಹುಡುಕಲು ಹೊರಟೆವು. ವಿದ್ಯಾನಗರದ ಕಡೆ ಗೇಟಿಗೆ ‘ಮನೆ ಬಾಡಿಗೆಗೆ ಇದೆ’ ಅಂತ ರಟ್ಟು ಕಟ್ಟಿದ ಮನೆಯೊಂದು ಕಂಡಿತು. ಮಾಲಕರು ನಿವೃತ್ತರು, ಅಂಗಳದಲ್ಲಿ ಪೇಪರು ಓದುತ್ತಿದ್ದರು.

“ಬಾಡಗಿ ಎಷ್ಟ್ರಿ ಕಾಕಾ?”

“ಒಂಬತ್ತು. ಅಂದಂಗ ತಮ್ಮಾ, ನೌಕರಿ ಎಲ್ಲಿ?”

“ಸಾಫ್ಟ್‌ವೇರ್ ಕಂಪನಿ ರೀ.”

ಕಾಕಾ ಚಷ್ಮಾ ತೆಗೆದರು, ಲುಂಗಿಯ ತುದಿಯಿಂದ ಒರೆಸಿದರು, ಮತ್ತೆ ಹಾಕಿಕೊಂಡು ಹುಡುಗನನ್ನು ಹೊಸದಾಗಿ ನೋಡಿದರು. “ಒಂಬತ್ತು ಅಂದ್ರ ಅದು ಹ್ವಾದ ವರ್ಷದ್ದು. ಈಗ ಹದಿಮೂರು. ಅಡ್ವಾನ್ಸ್ ಒಂದು ಲಕ್ಷ.”

“ಕಾಕಾ, ನನ್ನ ಪಗಾರನ ಇಪ್ಪತ್ಮೂರು ರೀ.”

“ಏ, ಸುಳ್ಳ ಹೇಳಬ್ಯಾಡೋ! ನಮ್ಮ ತಂಗಿ ಮಗಾನೂ ಸಾಫ್ಟ್‌ವೇರ್. ಬೆಂಗಳೂರಾಗ ತಿಂಗಳಿಗೆ ಒಂದೂವರಿ ಲಕ್ಷ ಎಣಸ್ತಾನ.”

ನೋಡಿ, ಇದು ನನ್ನ ತಕರಾರು. ಪಗಾರ ಕೊಡುವವರು ಹುಡುಗನ ವಿಳಾಸ ನೋಡಿ ಹುಬ್ಬಳ್ಳಿ ರೇಟು ಹಚ್ಚುತ್ತಾರೆ. ಬಾಡಿಗೆ ಕೇಳುವವರು ಅವನ ಕೊರಳ ಬಿಲ್ಲೆ ನೋಡಿ ಬೆಂಗಳೂರು ರೇಟು ಹಚ್ಚುತ್ತಾರೆ. ಊರು ಸೋವಿ ಅನ್ನುವುದು ಸುಳ್ಳಲ್ಲ, ಆದರೆ ಆ ಸೋವಿಯ ಲಾಭ ಹುಡುಗನ ಕಿಸೆಗೆ ಬರುವ ಮೊದಲೇ ಇಬ್ಬರೂ ಹಂಚಿಕೊಂಡಿರುತ್ತಾರೆ.

“ನೀರು?” ಅಂತ ನಾನೇ ಕೇಳಿದೆ. ಹುಬ್ಬಳ್ಳಿಯಲ್ಲಿ ಮನೆ ನೋಡುವವರು ಅಡುಗೆಮನೆ ಆಮೇಲೆ ನೋಡುತ್ತಾರೆ, ನೀರು ಮೊದಲು. “ನಳದ ನೀರು ವಾರಕ್ಕೊಮ್ಮಿ ಬರ್ತಾವು. ಬೋರ್ ಐತಿ, ಚಿಂತಿ ಇಲ್ಲ,” ಅಂದರು. ಮಲಪ್ರಭೆಯ ನೀರು ಸವದತ್ತಿಯ ಕಡೆಯಿಂದ ಇಲ್ಲಿಗೆ ಹರಿದು ಬರಬೇಕು. 2008ರಿಂದ ಕೆಲವು ವಾರ್ಡುಗಳಿಗೆ ದಿನದ ಇಪ್ಪತ್ನಾಲ್ಕು ತಾಸೂ ನೀರುಂಟು, ಉಳಿದವರು ನಳದ ಮುಂದೆ ಕೊಡ ಇಟ್ಟುಕೊಂಡು ಕಿವಿ ನಿಮಿರಿಸಿ ಕೂರಬೇಕು. “ನಂದು 24×7 ಸಪೋರ್ಟ್ ಡ್ಯೂಟಿ, ಮಾಮಾ. ನೀರಿಂದೂ ನನಗ ಕೊಟ್ಟಿದ್ರ ಒಂದು ಟಿಕೆಟ್ ರೈಸ್ ಮಾಡಿ ಬಿಡ್ತಿದ್ದೆ,” ಅಂದ ಹುಡುಗ. ಕಾಕಾಗೆ ತಿಳಿಯಲಿಲ್ಲ. “ಟಿಕೆಟ್ ಯಾಕ, ಟ್ಯಾಂಕರ್ ತರಸು,” ಅಂದರು.

ಕಡೆಗೆ ಇನ್ನಿಬ್ಬರನ್ನು ಜೊತೆ ಮಾಡಿಕೊಂಡು ನವನಗರದ ಕಡೆ ಮನೆ ಹಿಡಿದ. ಅಲ್ಲಿಂದ ಚಿಗರಿ ಬಸ್ಸಿಗೆ ತನ್ನದೇ ದಾರಿ ಉಂಟು, ಸುತ್ತಲಿನ ಟ್ರಾಫಿಕ್ಕಿನ ಗೊಡವೆ ಇಲ್ಲದೆ ಬರುತ್ತಾನೆ. ಬೆಂಗಳೂರಿನ ಗೆಳೆಯರು ಸಿಲ್ಕ್ ಬೋರ್ಡಿನಲ್ಲಿ ನಿಂತು ಕಳಿಸುವ ಫೋಟೊಗಳಿಗೆ ಇವನು ಮನೆಯಲ್ಲಿ ಚಹಾ ಕುಡಿಯುತ್ತ ಲೈಕ್ ಒತ್ತುತ್ತಾನೆ. ಅದೊಂದು ಸುಖ ಯಾವ ಪೇ ಸ್ಲಿಪ್ಪಿನಲ್ಲೂ ಬರುವುದಿಲ್ಲ, ಒಪ್ಪಬೇಕು.

ಊಟಕ್ಕೆ ಆಫೀಸಿನ ಹಿಂದಿನ ಖಾನಾವಳಿ. ನಾನೂ ಒಂದು ದಿನ ಹೋಗಿದ್ದೆ. ಕಟ್ಟಿಗೆ ಒಲೆಯ ಮುಂದೆ ಅಕ್ಕಾರು ರೊಟ್ಟಿ ಬಡಿಯುತ್ತಿದ್ದಾರೆ, ಎರಡೂ ಅಂಗೈ ಹಿಟ್ಟು, ಸದ್ದಿಗೆ ಒಂದು ತಾಳ ಇದೆ. ಹಂಚಿನ ಮೇಲೆ ರೊಟ್ಟಿ ಹಾಕಿ ಒದ್ದೆ ಬಟ್ಟೆ ಸವರಿದರು, ಮಗುಚಿ ಕೆಂಡಕ್ಕೆ ಒರಗಿಸಿದರು, ಅದು ಉಸಿರು ಹಿಡಿದು ಉಬ್ಬಿತು. ತಾಟಿನಲ್ಲಿ ಎಣ್ಣೆಗಾಯಿ, ಮಡಕೆ ಕಾಳಿನ ಪಲ್ಯ, ಹಸಿ ಉಳ್ಳಾಗಡ್ಡಿ, ಗುರೆಳ್ಳು ಹಿಂಡಿ, ಮೇಲೆ ಗಟ್ಟಿ ಮೊಸರು. ಬೇಡವೆಂದರೂ ಇನ್ನೊಂದು ರೊಟ್ಟಿ ಬೀಳುತ್ತದೆ. ಎಚ್‌ಆರ್ ಮೇಡಂ ಹೇಳಿದ ಸೋವಿ ಹುಬ್ಬಳ್ಳಿ ಇದೇ, ಮತ್ತು ಇದು ನಿಜ.

ಆದರೆ ಇಪ್ಪತ್ಮೂರರ ಹುಡುಗ ಬರೀ ರೊಟ್ಟಿ ತಿಂದು ಬದುಕುತ್ತಾನೆಯೇ? ಮೊಬೈಲಿಗೆ ಹುಬ್ಬಳ್ಳಿ ರೇಟು ಅಂತ ಇಲ್ಲ. ಡಾಟಾ ಪ್ಯಾಕು, ಬೈಕಿನ ಇಎಂಐ, ರಾತ್ರಿ ಕೂತು ಕಲಿಯುವ ಆನ್‌ಲೈನ್ ಕೋರ್ಸು ಎಲ್ಲಕ್ಕೂ ದೇಶಕ್ಕೆಲ್ಲ ಒಂದೇ ಬೆಲೆ. ‘ನಮಗ ಕಾಸ್ಟ್ ಆಫ್ ಲಿವಿಂಗ್ ಕಮ್ಮಿ ಐತಿ, ಫೋನು ಅರ್ಧಾ ರೇಟಿಗೆ ಕೊಡ್ರಿ’ ಅಂದರೆ ಕೊಪ್ಪಿಕರ್ ರೋಡಿನ ಅಂಗಡಿಯವನು ಮೊದಲು ನಗುತ್ತಾನೆ, ಆಮೇಲೆ ಸೆಕೆಂಡ್‌ಹ್ಯಾಂಡ್ ತೋರಿಸುತ್ತಾನೆ.

ಇದಕ್ಕಿಂತ ಮಜಾ 2024ರಲ್ಲಿ ಆಯಿತು. ಗೋಕುಲ ರೋಡಿನ ವಿಮಾನ ನಿಲ್ದಾಣದ ಹತ್ತಿರ ಇನ್ಫೋಸಿಸ್ ಕಟ್ಟಿದ ಕ್ಯಾಂಪಸ್ಸು ವರ್ಷಗಟ್ಟಲೆ ಗಾಜು ಹೊಳೆಸುತ್ತ ಖಾಲಿ ನಿಂತಿತ್ತು. ಯಾವಾಗ ಸುರು ಮಾಡ್ತೀರಿ ಅಂತ ಊರವರು ಕೂಗಿದರು, 2022ರಲ್ಲಿ ಸುರುವಾಯಿತು. ಎರಡು ವರ್ಷದ ಮೇಲೆ, ಬೇರೆ ಊರಿನ ಕೇಂದ್ರಗಳಿಂದ ಹುಬ್ಬಳ್ಳಿಗೆ ಬರುವ ನೌಕರರಿಗೆ ಹುದ್ದೆಗೆ ತಕ್ಕಂತೆ ಎಂಟು ಲಕ್ಷದವರೆಗೆ ಪ್ರೋತ್ಸಾಹಧನ ಅಂತ ಸುದ್ದಿ ಬಂತು. ನಮ್ಮ ಹುಡುಗ ಪೇಪರು ಹಿಡಿದುಕೊಂಡು ಅರ್ಧ ತಾಸು ಸುಮ್ಮನೆ ಕೂತಿದ್ದ. “ಮಾಮಾ, ಊರಾಗ ಉಳಿದ್ರ ಪಗಾರ ಕಮ್ಮಿ. ಊರ ಬಿಟ್ಟು ಹೋಗಿ ತಿರುಗಿ ಬಂದ್ರ ಬಕ್ಷೀಸು. ನಾ ಮೊದಲ ಓಡಿ ಹೋಗಬೇಕಾಗಿತ್ತು.”

ಈಗ ಅವನಿಗೆ ಹೆಣ್ಣು ನೋಡುವ ಕಾಲ. ಬೀಗರಾಗಬೇಕಾದವರೊಬ್ಬರು ಮನೆಗೆ ಬಂದಿದ್ದರು. ಹುಡುಗ ಬೆಂಗಳೂರಿನಲ್ಲಿದ್ದರೆ ಬಾಡಿಗೆ ಮನೆಯಾದರೂ ನಡೆದೀತು ಅಂದರು. ಹುಬ್ಬಳ್ಳಿಯಲ್ಲೇ ಇರುತ್ತಾನಾದರೆ ಸ್ವಂತ ಮನೆ ಬೇಕಂತೆ, ಯಾಕೆಂದರೆ “ಇಲ್ಲಿ ಎಲ್ಲಾ ಸೋವಿ ಅಲ್ಲೇನ್ರಿ?”

ಹಾಗಾಗಿ ಹೋದ ವಾರ ಒಬ್ಬ ಏಜೆಂಟರ ಜೊತೆ ಉಣಕಲ್ಲಿನ ಆಚೆ 30×40 ಪ್ಲಾಟು ನೋಡಲು ಹೋದೆವು. ಎರೆ ಹೊಲದಲ್ಲಿ ಸಾಲಾಗಿ ನೆಟ್ಟ ಕಲ್ಲುಗಳು. ರೇಟು ಕೇಳಿ ನಾನು ಅಲ್ಲೇ ಒಂದು ಕಲ್ಲಿನ ಮೇಲೆ ಕೂತೆ. “ಐಟಿ ಬರಾಕತ್ತೈತಲ್ರಿ ಸರ, ಏರೂದನ,” ಅಂದರು ಏಜೆಂಟರು. ಆಮೇಲೆ ಹುಡುಗನ ಕಡೆ ತಿರುಗಿದರು. “ಅಂದಂಗ ತಮ್ಮಾ, ನೌಕರಿ ಎಲ್ಲಿ?”

ಹುಡುಗ ಈಗ ಪಳಗಿದ್ದಾನೆ. ಬಿಲ್ಲೆಯನ್ನು ಮೊದಲೇ ಕಿಸೆಯಲ್ಲಿ ಇಟ್ಟಿದ್ದ. “ನೌಕರಿ ಇಲ್ರಿ. ಖಾನಾವಳಿ ನಡಸ್ತೀನಿ.”

ಏಜೆಂಟರ ಮುಖ ಅರಳಿತು. “ಹೌದೇನ್ರಿ? ಹಂಗಾದ್ರ ದಿನಾ ರೊಕ್ಕ ಕೈಯಾಗ! ಲೋನ್ ಯಾಕ್ರಿ ಮತ್ತ, ಒಮ್ಮೆಲೆ ಕೊಟ್ಟ ಬಿಡ್ರಿ.”