ಬೆಣ್ಣೆ, ನಿಂಬೆಹಣ್ಣು ಇದ್ದರೆ ಸಾಕು

ನ್ಯೂಜಿಲೆಂಡಿನ ಟೌಪೊ ಸರೋವರದ ದಡದ ರಜೆಮನೆಗಳಿಗೆ ‘ಬ್ಯಾಚ್’ ಎನ್ನುತ್ತಾರೆ. ಒಲೆ, ಪಾತ್ರೆ, ಫ್ರಿಜ್ ಎಲ್ಲ ಇರುತ್ತದೆ. ಅಡುಗೆ ಮಾತ್ರ ಬಂದವರ ಪಾಡು. ಶುಕ್ರವಾರ ಸಂಜೆ ಆಕ್ಲೆಂಡಿನಿಂದ ಹೊರಡುವ ಟ್ರೌಟ್ ಪಂಡಿತರ ಕಾರಿನ ತುಂಬ ಗಾಳದ ಕೋಲು, ಎದೆಮಟ್ಟದ ರಬ್ಬರ್ ಬೂಟು, ಮೀನಿಗೆ ಹೊಗೆ ಹಾಕಲು ಮಾನುಕಾ ಮರದ ಹೊಟ್ಟು. ಕೂಸು ಹುಟ್ಟುವ ಮುಂಚೆ ಕುಲಾವಿ ಎಂದರೆ ಇದೇ. ದಿನಸಿಯ ಮಾತೆತ್ತಿದ ಹೆಂಡತಿಗೆ ಸಿಗುವ ಉತ್ತರ: “ಬೆಣ್ಣೆ, ನಿಂಬೆಹಣ್ಣು ಸಾಕು. ಮಿಕ್ಕಿದ್ದು ಕೆರೆಯಲ್ಲಿದೆ.”

ಕೆರೆಯಂತೆ! ವಿಸ್ತೀರ್ಣ 616 ಚದರ ಕಿಲೋಮೀಟರ್.

ದಾರಿಯುದ್ದಕ್ಕೂ ಉಪನ್ಯಾಸ. ಈ ಮೀನು ಇಲ್ಲಿಯದಲ್ಲ. ಕಾಮನಬಿಲ್ಲು ಟ್ರೌಟಿನ ಮೊಟ್ಟೆ 1880ರ ದಶಕದಲ್ಲಿ ಕ್ಯಾಲಿಫೋರ್ನಿಯಾದಿಂದ ಹಡಗಿನಲ್ಲಿ ಬಂತು. ಹೇಳುವ ಧಾಟಿ ನೋಡಿದರೆ ಬುಟ್ಟಿ ಹೊತ್ತವರು ಇವರೇ. ಟೊಂಗರೀರೊ ಹೊಳೆಯಲ್ಲಿ ಗಾಳ ಹಾಕಿದ್ದ ಅಮೆರಿಕದ ಕಾದಂಬರಿಕಾರ ಜೇನ್ ಗ್ರೇಯನ್ನಂತೂ ಷಡ್ಡಕನ ಸಲುಗೆಯಲ್ಲಿ ನೆನೆಯುತ್ತಾರೆ. ಟೌಪೊಗೆ ಪ್ರತ್ಯೇಕ ಲೈಸೆನ್ಸ್ ಬೇಕು, ದೇಶದ ಉಳಿದ ಕಡೆಯದು ಇಲ್ಲಿ ನಡೆಯದು ಎಂಬುದನ್ನೂ ಬಿಡದೆ ತಿಳಿಸುತ್ತಾರೆ.

ಬೆಳಕು ಹರಿಯುವ ಮುನ್ನವೇ ವೈಟಹನುಯಿ ಹೊಳೆ ಸರೋವರ ಸೇರುವಲ್ಲಿ ಹಾಜರು. ಅಲ್ಲಿ ಸೊಂಟಮಟ್ಟದ ಕೊರೆಯುವ ನೀರಿನಲ್ಲಿ ಗಾಳದವರು ಸಾಲಾಗಿ ನಿಲ್ಲುತ್ತಾರೆ. ಆ ಸಾಲಿಗೆ ‘ಗೂಟದ ಬೇಲಿ’ ಎಂದೇ ಹೆಸರು. ನಮ್ಮ ಪಂಡಿತರು ಅದರಲ್ಲೊಂದು ಗೂಟ. ಪಕ್ಕದ ಗೂಟಕ್ಕೆ ಮೀನು ಕಚ್ಚಿತೋ, “ಯಾವ ನೊಣ ಕಟ್ಟಿದ್ದೀರಿ?” ಎಂದು ಉದಾಸೀನವಾಗಿ ಕೇಳಿ, ಅತ್ತ ತಿರುಗಿ ಗುಟ್ಟಾಗಿ ತಮ್ಮ ಗಾಳದ ನಕಲಿ ನೊಣ ಬದಲಿಸುತ್ತಾರೆ. ಇವರಿಗೂ ಒಂದು ಸಿಕ್ಕಿತು, ಗೇಣುದ್ದದ್ದು. ಅಳತೆಗೆ ಕಡಿಮೆಯಾದದ್ದನ್ನು ನೀರಿಗೇ ಬಿಡಬೇಕು. ಮಧ್ಯಾಹ್ನ ಆ ಕಥೆ ಹೇಳುವಾಗ ಕಾನೂನಿನ ಮೇಲಿನ ಗೌರವದ ಜೊತೆಗೆ ಮೀನೂ ಬೆಳೆದಿತ್ತು.

ಬೇರೆ ಊರಾದರೆ ಬರುವ ದಾರಿಯಲ್ಲಿ ಪೇಟೆಗೆ ನುಗ್ಗಿ, ಒಂದು ಮೀನು ಕೊಂಡು ಮಾನ ಉಳಿಸಿಕೊಳ್ಳಬಹುದು. ಈ ದೇಶದಲ್ಲಿ ಟ್ರೌಟ್ ಮಾರುವುದೇ ಅಪರಾಧ. ಹೋಟೆಲಿನವರೂ ನೀವು ಹಿಡಿದು ತಂದರೆ ಬೇಯಿಸಿಕೊಡುತ್ತಾರೆಯೇ ಹೊರತು ಮೆನುವಿನಲ್ಲಿ ಅದಿರುವುದಿಲ್ಲ. ಕಳ್ಳದಾರಿಯನ್ನು ಸರ್ಕಾರವೇ ಮುಚ್ಚಿದ ಮೇಲೆ ಬಡಪಾಯಿ ಏನು ಮಾಡಿಯಾನು?

ಶನಿವಾರ ರಾತ್ರಿ ಹೆಂಡತಿ ಬಟ್ಟೆಯ ಚೀಲದಡಿ ಬಚ್ಚಿಟ್ಟು ತಂದಿದ್ದ ಸಾಸೇಜ್ ಹೊರಬಂತು. ಪಂಡಿತರು ಎರಡು ಸಲ ಬಡಿಸಿಕೊಂಡರು. ಮೋಡ, ಗಾಳಿ, ಹುಣ್ಣಿಮೆ ಸರದಿಯಂತೆ ಬೈಸಿಕೊಂಡವು.

ಭಾನುವಾರ ಪಕ್ಕದ ಬ್ಯಾಚಿನ ಅಜ್ಜಿ ಕನಿಕರಿಸಿ, ತಾನು ಹಿಡಿದ ಟ್ರೌಟೊಂದನ್ನು ಕೊಟ್ಟಳು. ಮಾರುವಂತಿಲ್ಲ, ಕೊಡಬಹುದು. ಹೆಂಡತಿ ಚಾಕು ತೆಗೆದಳು. “ತಡಿ, ತಡಿ” ಎಂದು ಪಂಡಿತರು ಒಳಗೋಡಿ, ಒಣಗಿದ್ದ ರಬ್ಬರ್ ಬೂಟು ಮತ್ತೆ ತೊಟ್ಟು ಬಂದು, ಮೀನನ್ನು ಎರಡೂ ಕೈಯಲ್ಲಿ ಕ್ಯಾಮೆರಾದತ್ತ ಸಾಧ್ಯವಾದಷ್ಟು ಮುಂದಕ್ಕೆ ಚಾಚಿ ನಿಂತರು.